ಹುಟ್ಟುಗುಣದ ಶೋಧ

“ನೂಲಿನಂತೆ ಸೀರೆ, ತಾಯಿಯಂತೆ ಮಗಳು” ಎಂಬುದು ನಮ್ಮ ಗಾದೆ. “ಹುಟ್ಟುಗುಣ ಸುಟ್ಟರೂ ಹೋಗದು” ಎಂಬುದು ಮತ್ತೊಂದು. ಆದರೆ ಅದೇ ಜಗಲಿಯ ಮೇಲೆ, ಅದೇ ಹಿರಿಯರ ಬಾಯಿಂದ, “ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?” ಎಂಬ ಮಾತೂ ಹೊರಡುವುದನ್ನು ತಾವೆಲ್ಲರೂ ಕೇಳಿದ್ದೀರಿ. ಮೊದಲೆರಡು ಮಾತುಗಳ ಪ್ರಕಾರ ಸ್ವಭಾವವು ಜನ್ಮದೊಡನೆ ಬಂದುದು. ಮೂರನೆಯದರ ಪ್ರಕಾರ ಅದು ಬಗ್ಗಿಸುವವರ ಕೈಯಲ್ಲಿರುವುದು. ಗಾದೆಗಳು ಒಂದನ್ನೊಂದು ಅಲ್ಲಗಳೆದರೆ ನಮಗೇನೂ ತೊಂದರೆಯಿಲ್ಲ. ಸಮಯಕ್ಕೆ ತಕ್ಕುದನ್ನು ಆರಿಸಿಕೊಳ್ಳುತ್ತೇವೆ. ಹುಡುಗನಿಗೆ ಮುಂಗೋಪವಿದ್ದರೆ ಅದು ಸೋದರಮಾವನ ಕಡೆಯಿಂದ ಬಂದುದು. ಅವನು ತರಗತಿಗೆ ಮೊದಲನೆಯವನಾದರೆ ಅದು ನಾವು ಬೆಳಸಿದ ರೀತಿ. ಶಾಸ್ತ್ರಜ್ಞರಿಗೆ ಈ ಸೌಕರ್ಯವಿಲ್ಲ. ಎರಡರಲ್ಲಿ ಯಾವುದು ಎಷ್ಟರಮಟ್ಟಿಗೆ ನಿಜವೆಂಬುದನ್ನು ಅವರು ಅಳೆದು ತೋರಿಸಬೇಕು.

ಇಂದು ನಾನು ಮನುಷ್ಯಸ್ವಭಾವವೆಲ್ಲವನ್ನೂ ವಿಚಾರಕ್ಕೆ ತೆಗೆದುಕೊಳ್ಳುವುದಿಲ್ಲ. ಒಂದೇ ಒಂದು ಗುಣದ ಶೋಧದ ಚರಿತ್ರೆಯನ್ನು ಹೇಳುತ್ತೇನೆ. ಬರಬೇಕಾದ ಕಾಗದವು ಒಂದು ದಿನ ತಡವಾದರೆ ಕೆಲವರಿಗೆ ಊಟ ಸೇರುವುದಿಲ್ಲ. ಮತ್ತೆ ಕೆಲವರು ಮನೆಗೆ ಬೆಂಕಿ ಬಿದ್ದಿತೆಂದರೂ ಮೊದಲು ತಮ್ಮ ಕನ್ನಡಕವನ್ನು ಸಾವಧಾನವಾಗಿ ಹುಡುಕುತ್ತಾರೆ. ಬೇಗನೆ ಕಳವಳಗೊಳ್ಳುವುದು, ಆಡಿದ ಮಾತನ್ನು ರಾತ್ರಿಯೆಲ್ಲ ಮೆಲುಕುಹಾಕುವುದು, ಸಣ್ಣ ನೋವು ಮನಸ್ಸಿನಲ್ಲಿ ಬಹುಕಾಲ ನಿಲ್ಲುವುದು, ಕಾರಣವಿಲ್ಲದೆ ಖಿನ್ನರಾಗುವುದು — ಇವೆಲ್ಲವೂ ಸಾಮಾನ್ಯವಾಗಿ ಒಟ್ಟೊಟ್ಟಿಗೆ ಇರುವುದನ್ನು ಕಂಡು ಪಶ್ಚಿಮದ ಮನಶ್ಶಾಸ್ತ್ರಜ್ಞರು ಈ ಮನೋಧರ್ಮಕ್ಕೆ ನ್ಯೂರಾಟಿಸಿಸಂ ಎಂದು ಹೆಸರಿಟ್ಟರು. ಕನ್ನಡದಲ್ಲಿ ನಾವು ಉದ್ವೇಗಶೀಲತೆಯೆನ್ನೋಣ. ಇದು ರೋಗವಲ್ಲ. ಮೈಯೆತ್ತರದ ಹಾಗೆ ಇದೂ ಎಲ್ಲರಲ್ಲಿಯೂ ಹೆಚ್ಚುಕಡಮೆಯಾಗಿ ಇರತಕ್ಕ ಗುಣ. ಬಹು ಜನರು ನಡುವೆ ಇರುತ್ತಾರೆ, ಕೆಲವರು ಮಾತ್ರ ಎರಡು ತುದಿಗಳಲ್ಲಿ. ಈ ಗುಣವು ತಂದೆತಾಯಿಗಳಿಂದ ಮಕ್ಕಳಿಗೆ ಇಳಿದುಬರುವುದೆ? ಬರುವುದಾದರೆ ಎಷ್ಟು, ಯಾವುದರ ಮೂಲಕ? ಈ ಪ್ರಶ್ನೆಯನ್ನು ಅಂಕಿಗಳಿಂದ ಕೇಳಲು ತೊಡಗಿ ಸುಮಾರು ಒಂದೂವರೆ ಶತಮಾನವಾಯಿತು. ಅದರ ನಡುವೆ ಒಂದು ಕಾಲ ಬಂದಿತು. ಆಗ ಉತ್ತರವು ದೊರೆಯುವುದಕ್ಕೆ ಮೊದಲೇ ದೊರೆಯಿತೆಂದು ನಂಬಿ, ಲಕ್ಷಾಂತರ ಜನರ ಮೈಮೇಲೆ ಶಸ್ತ್ರವನ್ನಾಡಿಸಿದರು. ಆದುದರಿಂದ ಇದು ಪಂಡಿತರ ಚರ್ಚೆ ಮಾತ್ರವಾಗಿ ಉಳಿದ ವಿಷಯವಲ್ಲ.

ಪ್ರಾಚೀನರಿಗೂ ಈ ಪ್ರಶ್ನೆ ಹೊಳೆಯದೆ ಇರಲಿಲ್ಲ. ಗ್ರೀಕರ ವೈದ್ಯದಲ್ಲಿ ನಾಲ್ಕು ರಸಗಳ ಹೆಚ್ಚುಕಡಮೆಯಿಂದ ಮನುಷ್ಯರ ಸ್ವಭಾವಭೇದವನ್ನು ವಿವರಿಸಿದರು. ಕಪ್ಪು ಪಿತ್ತವು ಮಿಕ್ಕವನು ಖಿನ್ನನೆಂದೂ ಭೀತನೆಂದೂ ಅವರ ಎಣಿಕೆ. ನಮ್ಮ ಆಯುರ್ವೇದವು ವಾತ, ಪಿತ್ತ, ಕಫಗಳಿಂದ ಪ್ರಕೃತಿಯನ್ನು ನಿರ್ಣಯಿಸಿತು. ಇದರಲ್ಲಿ ಒಂದು ಅಂಶ ಗಮನಾರ್ಹವಾದುದು. ಚರಕಸಂಹಿತೆಯ ವಿಮಾನಸ್ಥಾನವು ಗರ್ಭದ ಪ್ರಕೃತಿಯನ್ನು ಹೇಳುವಾಗ ತಂದೆತಾಯಿಗಳ ಶುಕ್ರಶೋಣಿತಗಳನ್ನು ಮಾತ್ರ ಹೇಳಿ ಸುಮ್ಮನಾಗುವುದಿಲ್ಲ. ಕಾಲವನ್ನೂ, ಗರ್ಭಾಶಯದ ಸ್ಥಿತಿಯನ್ನೂ, ತಾಯಿಯ ಆಹಾರವಿಹಾರಗಳನ್ನೂ ಅದರೊಡನೆ ಎಣಿಸುತ್ತದೆ. ಬೀಜ ಮತ್ತು ಕ್ಷೇತ್ರ ಎರಡಕ್ಕೂ ಪಾಲು ಕೊಟ್ಟ ಈ ಎಚ್ಚರಿಕೆಯು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಪಂಡಿತರಿಗೆ ಇದ್ದಿದ್ದರೆ ಚೆನ್ನಾಗಿತ್ತು. ಪ್ರಾಚೀನರು ಹೇಳಿದರೇ ಹೊರತು ಎಣಿಸಲಿಲ್ಲ ಎಂಬುದನ್ನೂ ಒಪ್ಪಬೇಕು.

ಎಣಿಸಲು ತೊಡಗಿದವನು ಫ್ರಾನ್ಸಿಸ್ ಗಾಲ್ಟನ್. ಇವನು ಚಾರ್ಲ್ಸ್ ಡಾರ್ವಿನ್ನನ ಹತ್ತಿರದ ಬಂಧು. ಇಬ್ಬರಿಗೂ ಎರಾಸ್ಮಸ್ ಡಾರ್ವಿನ್ನನೇ ತಾತ. ಕಂಡದ್ದನ್ನೆಲ್ಲ ಎಣಿಸಿ ಲೆಕ್ಕವಿಡುವುದು ಗಾಲ್ಟನ್ನನಿಗೆ ಒಂದು ಚಟವಾಗಿದ್ದಿತು. 1865ರಲ್ಲಿ ಮ್ಯಾಕ್ಮಿಲನ್ ಪತ್ರಿಕೆಯಲ್ಲಿ ಅವನು ಬರೆದ ಲೇಖನದಲ್ಲಿ ಬುದ್ಧಿಯಂತೆ ಶೀಲಸ್ವಭಾವಗಳೂ ವಂಶದಲ್ಲಿ ಇಳಿದುಬರುವುವೆಂದು ವಾದಿಸಿದನು. 1875ರಲ್ಲಿ ಅವಳಿಗಳ ವಿಚಾರವಾಗಿ ಬರೆದ ಪ್ರಬಂಧವು ಇನ್ನೂ ಮುಖ್ಯವಾದುದು. ಒಂದೇ ರೂಪದ ಅವಳಿಗಳು ಬೆಳೆದಂತೆ ಬೇರೆಯಾಗುವರೆ, ಬೇರೆ ರೂಪದ ಅವಳಿಗಳು ಒಂದೇ ಮನೆಯಲ್ಲಿ ಬೆಳೆದು ಒಂದಾಗುವರೆ ಎಂದು ಕೇಳಿ ಅವನು ಮನೆಮನೆಗೆ ಕಾಗದಗಳನ್ನು ಬರೆದನು. ಬಂದ ಉತ್ತರಗಳಿಂದ, ಪ್ರಕೃತಿಯ ಬಲದ ಮುಂದೆ ಪೋಷಣೆಯ ಬಲವು ಬಹು ಅಲ್ಪವೆಂದು ತೀರ್ಮಾನಿಸಿದನು. ವಿಧಾನವು ಅದ್ಭುತವಾದುದು, ತೀರ್ಮಾನವು ಅವಸರದ್ದು. ಏಕೆಂದರೆ ಅವನಿಗೆ ಬಂದ ಸಾಕ್ಷ್ಯವೆಲ್ಲವೂ ತಂದೆತಾಯಿಗಳೂ ಬಂಧುಗಳೂ ಹೇಳಿದ ಕಥೆಗಳು. ಅವಳಿಗಳ ವಿಷಯದಲ್ಲಿ ಬಂಧುಗಳು ಹೇಳುವ ಕಥೆಗಳು ಹೇಗಿರುವುವೆಂಬುದನ್ನು ತಾವು ಬಲ್ಲಿರಿ. 1883ರಲ್ಲಿ ಗಾಲ್ಟನ್ನನು ಒಂದು ಹೊಸ ಶಬ್ದವನ್ನು ಹುಟ್ಟಿಸಿದನು: ಯೂಜೆನಿಕ್ಸ್, ಎಂದರೆ ಸುಪ್ರಜನನಶಾಸ್ತ್ರ. ಒಳ್ಳೆಯ ವಂಶಗಳು ಹೆಚ್ಚಲಿ, ಕೆಟ್ಟವು ಕಡಮೆಯಾಗಲಿ ಎಂಬುದು ಅದರ ಆಶಯ. ಯಾವುದು ಒಳ್ಳೆಯದು, ಯಾರು ಹೇಳಬೇಕು ಎಂಬ ಪ್ರಶ್ನೆಗೆ ಅವನ ಕಾಲದವರು ಹೆಚ್ಚು ಹೊತ್ತು ನಿಲ್ಲಲಿಲ್ಲ.

1900ರಲ್ಲಿ ಮೆಂಡಲನ ನಿಯಮಗಳು ಮತ್ತೆ ಬೆಳಕಿಗೆ ಬಂದುವು. ಬಟಾಣಿ ಗಿಡವು ಎತ್ತರವಾಗುವುದೋ ಗಿಡ್ಡಾಗುವುದೋ ಒಂದು ಜೊತೆ ವಂಶವಾಹಿಗಳಿಂದ ನಿರ್ಣಯವಾಗುವುದಾದರೆ ಮನುಷ್ಯನ ಗುಣಗಳೂ ಹಾಗೆಯೇ ಏಕಿರಬಾರದು? ಅಮೆರಿಕದ ಚಾರ್ಲ್ಸ್ ಡ್ಯಾವನ್‌ಪೋರ್ಟ್ ಈ ಪ್ರಶ್ನೆಗೆ ಮಾರುಹೋದವನು. ನ್ಯೂಯಾರ್ಕಿಗೆ ಸಮೀಪದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಎಂಬಲ್ಲಿ 1910ರಲ್ಲಿ ಅವನು ಸುಪ್ರಜನನ ದಾಖಲೆಗಳ ಕಚೇರಿಯನ್ನು ಸ್ಥಾಪಿಸಿ, ಮನೆಮನೆಗೆ ಸಹಾಯಕರನ್ನು ಕಳುಹಿಸಿ ವಂಶವೃಕ್ಷಗಳನ್ನು ಬರೆಯಿಸಿದನು. 1915ರಲ್ಲಿ ಅವನು ಪ್ರಕಟಿಸಿದ ಗ್ರಂಥವು, ಊರೂರು ಅಲೆಯುವ ಚಪಲವು ಒಂದು ವಂಶವಾಹಿಯಿಂದ ಬರುವುದೆಂದು ಸಾರಿತು. 1919ರಲ್ಲಿ ನೌಕಾಧಿಕಾರಿಗಳ ವಂಶಗಳನ್ನು ಶೋಧಿಸಿ, ಸಮುದ್ರದ ಮೇಲಿನ ಪ್ರೀತಿಯೂ ಒಂದೇ ಒಂದು ವಂಶವಾಹಿಯ ಫಲವೆಂದೂ, ಅದು ತಾಯಿಯ ಮೂಲಕ ಗಂಡುಮಕ್ಕಳಿಗೆ ಬರುವುದೆಂದೂ ಹೇಳಿದನು. ನಾವಿಕರ ಮಕ್ಕಳು ಬಂದರಿನ ಬಳಿ ಬೆಳೆಯುತ್ತಾರೆ, ತಂದೆಯ ಹಡಗಿನ ಕಥೆಗಳನ್ನು ಕೇಳುತ್ತ ನಿದ್ರೆಹೋಗುತ್ತಾರೆ ಎಂಬುದು ಈ ವಿದ್ವಾಂಸನಿಗೆ ತೋರಲಿಲ್ಲ. ಹೆಣ್ಣುಮಕ್ಕಳನ್ನು ಆ ಕಾಲದ ನೌಕಾಪಡೆಯು ಅಧಿಕಾರಿಗಳಾಗಿ ಸೇರಿಸಿಕೊಳ್ಳುತ್ತಿರಲಿಲ್ಲವೆಂಬುದೂ ತೋರಲಿಲ್ಲ.

ಇದೇ ಕಾಲದಲ್ಲಿ, 1918ರಲ್ಲಿ, ಇಂಗ್ಲೆಂಡಿನ ರೊನಾಲ್ಡ್ ಫಿಷರ್ ಎಂಬ ತರುಣ ಗಣಿತಜ್ಞನು ಎಡಿನ್‌ಬರೋ ನಗರದ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಕ್ಲಿಷ್ಟವಾದ ಪ್ರಬಂಧವನ್ನು ಪ್ರಕಟಿಸಿದನು. ಓದಿದವರು ಕಡಮೆ, ಅರ್ಥಮಾಡಿಕೊಂಡವರು ಇನ್ನೂ ಕಡಮೆ. ಅದರ ಸಾರಾಂಶ ಇಷ್ಟೆ: ಮೈಯೆತ್ತರದಂತೆ ನಿರಂತರವಾಗಿ ಹೆಚ್ಚುಕಡಮೆಯಾಗುವ ಗುಣಗಳಿಗೆ ಒಂದು ವಂಶವಾಹಿಯು ಕಾರಣವಾಗಬೇಕಾಗಿಲ್ಲ, ಮೆಂಡಲನ ನಿಯಮಕ್ಕೆ ಒಳಪಟ್ಟ ಬಹುಸಂಖ್ಯೆಯ ವಂಶವಾಹಿಗಳು ಒಂದೊಂದೂ ಅತ್ಯಲ್ಪವಾದ ಪ್ರಭಾವವನ್ನು ಬೀರಿ, ಎಲ್ಲವೂ ಕೂಡಿದರೆ, ನಾವು ಲೋಕದಲ್ಲಿ ಕಾಣುವ ಹರವೇ ಸಹಜವಾಗಿ ಉಂಟಾಗುವುದು. ಒಂದು ದೊಡ್ಡ ಕಲ್ಲಲ್ಲ, ಸಾವಿರ ಮರಳಿನ ಕಣಗಳು. ಮುಂದೆ ಹೇಳುವ ಕಥೆಯೆಲ್ಲವೂ ಕಲ್ಲನ್ನು ಹುಡುಕಿದವರು ಸೋತು, ಮರಳನ್ನು ತೂಗಿದವರು ಗೆದ್ದ ಕಥೆ. ಆದರೆ ಫಿಷರನೂ ಸುಪ್ರಜನನದ ಪಕ್ಷಪಾತಿಯೇ ಆಗಿದ್ದನೆಂಬುದನ್ನು ಮರೆಮಾಚಬಾರದು. ಗಣಿತವು ಸರಿಯಾಗಿದ್ದ ಮಾತ್ರಕ್ಕೆ ವಿವೇಕವೂ ಸರಿಯಾಗಿರಬೇಕೆಂಬ ನಿಯಮವಿಲ್ಲ.

ಕಲ್ಲನ್ನು ಕಂಡೆವೆಂದು ನಂಬಿದವರು ಏನು ಮಾಡಿದರೆಂಬುದಕ್ಕೆ ಕ್ಯಾರೀ ಬಕ್ ಎಂಬವಳ ಚರಿತ್ರೆಯೇ ಸಾಕು. ಇವಳು ಅಮೆರಿಕದ ವರ್ಜೀನಿಯಾ ಪ್ರಾಂತದಲ್ಲಿ 1906ರಲ್ಲಿ ಹುಟ್ಟಿದ ಬಡ ಹುಡುಗಿ; ಚಿಕ್ಕಂದಿನಲ್ಲಿಯೇ ಪರರ ಮನೆಯಲ್ಲಿ ಸಾಕಲ್ಪಟ್ಟಳು. ಆ ಮನೆಯವರ ಬಂಧುವೊಬ್ಬನ ಬಲಾತ್ಕಾರದಿಂದ ಗರ್ಭವತಿಯಾದಳು. ಮನೆಯವರು ಅವಳನ್ನು ಶೀಲಗೆಟ್ಟವಳೆಂದೂ ಮಂದಬುದ್ಧಿಯವಳೆಂದೂ ದೂರಿ, 1924ರಲ್ಲಿ ಅಂಥವರಿಗಾಗಿ ಸರ್ಕಾರವು ನಡೆಸುತ್ತಿದ್ದ ಆಶ್ರಮಕ್ಕೆ ಸೇರಿಸಿದರು. ಅವಳ ತಾಯಿಯು ಆಗಲೇ ಅಲ್ಲಿದ್ದಳು. ಅದೇ ವರ್ಷ ವರ್ಜೀನಿಯಾ ಪ್ರಾಂತವು ಇಂಥವರಿಗೆ ಸಂತಾನವಾಗದಂತೆ ಶಸ್ತ್ರಚಿಕಿತ್ಸೆಮಾಡುವ ಶಾಸನವನ್ನು ತಂದಿದ್ದಿತು. ಶಾಸನವನ್ನು ನ್ಯಾಯಾಲಯದಲ್ಲಿ ಒರೆಗೆ ಹಚ್ಚಲು ಕ್ಯಾರಿಯನ್ನು ಆರಿಸಿದರು. ಡ್ಯಾವನ್‌ಪೋರ್ಟನ ಕಚೇರಿಯ ಮೇಲ್ವಿಚಾರಕನಾಗಿದ್ದ ಹ್ಯಾರಿ ಲಾಫ್ಲಿನ್ ಎಂಬವನು ಅವಳನ್ನು ಒಮ್ಮೆಯೂ ನೋಡದೆ, ಅವಳ ವಂಶದ ಸೋಮಾರಿತನವೂ ದುರಾಚಾರವೂ ಪಿತ್ರಾರ್ಜಿತವೆಂದು ಬರಹದಲ್ಲಿ ಸಾಕ್ಷ್ಯ ನುಡಿದನು. ಏಳು ತಿಂಗಳ ಎಳೆಗೂಸು ವಿವಿಯನ್ನಳನ್ನು ನೋಡಿ ಒಬ್ಬ ಸಮಾಜಸೇವಕಿಯು ಈ ಮಗುವಿನಲ್ಲಿಯೂ ಏನೋ ಕೊರತೆಯುಂಟೆಂದಳು. 1927ರ ಮೇ 2ರಂದು ಅಮೆರಿಕದ ಅತ್ಯುಚ್ಚ ನ್ಯಾಯಾಲಯವು, ಎಂಟು ಮಂದಿ ನ್ಯಾಯಾಧೀಶರ ಒಮ್ಮತ ಮತ್ತು ಒಬ್ಬರ ಭಿನ್ನಮತದಿಂದ, ಶಾಸನವನ್ನು ಎತ್ತಿಹಿಡಿಯಿತು. ಆ ಅಕ್ಟೋಬರಿನಲ್ಲಿ ಕ್ಯಾರಿಗೆ ಶಸ್ತ್ರಚಿಕಿತ್ಸೆಯಾಯಿತು. ವಿವಿಯನ್ನಳು ಶಾಲೆಗೆ ಹೋದಳು. ಒಂದು ಸಲ ಶಾಲೆಯ ಗೌರವಪಟ್ಟಿಯಲ್ಲಿಯೂ ಅವಳ ಹೆಸರು ಬಂದಿತು. 1932ರಲ್ಲಿ, ಎಂಟು ವರ್ಷದವಳಾಗಿದ್ದಾಗ, ಕಾಯಿಲೆಯಿಂದ ತೀರಿಕೊಂಡಳು. ಅಮೆರಿಕದಲ್ಲಿ ಇಂಥ ಶಾಸನಗಳಿಗೆ ಒಟ್ಟು ಅರುವತ್ತು ಸಾವಿರಕ್ಕೂ ಮಿಕ್ಕ ಜನರು ಗುರಿಯಾದರು. ಜರ್ಮನಿಯಲ್ಲಿ 1933ರ ಜುಲೈ 14ರಂದು ನಾಟ್ಸಿ ಸರ್ಕಾರವು ಮಾಡಿದ ಶಾಸನಕ್ಕೆ ಲಾಫ್ಲಿನ್ನನು ಬರೆದಿದ್ದ ಮಾದರಿ ಶಾಸನದಿಂದಲೂ ನೆರವು ದೊರೆಯಿತು. ಅಲ್ಲಿ ಸುಮಾರು ನಾಲ್ಕು ಲಕ್ಷ ಜನರ ಸಂತಾನಶಕ್ತಿಯನ್ನು ಕಿತ್ತುಕೊಂಡರು. 1936ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾನಿಲಯವು ಲಾಫ್ಲಿನ್ನನಿಗೆ ಗೌರವ ಪದವಿಯನ್ನಿತ್ತಿತು. ಕೋಲ್ಡ್ ಸ್ಪ್ರಿಂಗ್ ಹಾರ್ಬರಿನ ದಾಖಲೆಯ ಕಚೇರಿಯು 1939ರಲ್ಲಿ ಮುಚ್ಚಿತು. ಅದರ ವಂಶವೃಕ್ಷಗಳು ಶಾಸ್ತ್ರದ ದೃಷ್ಟಿಯಿಂದ ಯಾವ ಉಪಯೋಗಕ್ಕೂ ಬಾರದವುಗಳೆಂದು ಅಷ್ಟರಲ್ಲಿ ಪರೀಕ್ಷಕರೇ ಕಂಡುಕೊಂಡಿದ್ದರು.

ಇಂಥ ಕಳಂಕದ ಅನಂತರವೂ ಈ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಂಡವನು, ವಿಚಿತ್ರವೆಂದರೆ, ನಾಟ್ಸಿಗಳ ಆಳ್ವಿಕೆಯಿಂದ ತಪ್ಪಿಸಿಕೊಂಡು ಹೊರಟುಬಂದ ಒಬ್ಬ ಜರ್ಮನ್. ಹಾನ್ಸ್ ಐಸೆಂಕ್ ಬರ್ಲಿನ್ನಿನಲ್ಲಿ 1916ರಲ್ಲಿ ಹುಟ್ಟಿ, 1934ರಲ್ಲಿ ದೇಶವನ್ನು ಬಿಟ್ಟು, ಲಂಡನ್ನಿನಲ್ಲಿ ಮನಶ್ಶಾಸ್ತ್ರವನ್ನು ವ್ಯಾಸಂಗಮಾಡಿದನು. ಅಲ್ಲಿ ಚಾರ್ಲ್ಸ್ ಸ್ಪಿಯರ್ಮನ್ನನು ಒಂದು ಪರಂಪರೆಯನ್ನು ಸ್ಥಾಪಿಸಿದ್ದನು: ಅನೇಕ ಪರೀಕ್ಷೆಗಳ ಅಂಕಗಳಲ್ಲಿ ಯಾವುವು ಒಟ್ಟಿಗೆ ಏರಿಳಿಯುತ್ತವೆಂಬುದನ್ನು ಗಣಿತದಿಂದ ಕಂಡುಹಿಡಿದು, ಅವುಗಳ ಹಿಂದಿರುವ ಸಾಮಾನ್ಯ ಗುಣವನ್ನು ಬೇರ್ಪಡಿಸುವುದು. ಮೈಸೂರಿನ ಶ್ರೋತೃಗಳಿಗೆ ಈ ಪರಂಪರೆಯು ತೀರ ದೂರದ್ದಲ್ಲ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಆಕಾಶವಾಣಿಯನ್ನು ಆರಂಭಿಸಿದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಬೋಧಿಸುತ್ತಿದ್ದವರು, ಸ್ಪಿಯರ್ಮನ್ನನಲ್ಲಿಯೇ ಕಲಿತು ಬಂದವರು. ಯುದ್ಧಕಾಲದಲ್ಲಿ ಐಸೆಂಕನು ಲಂಡನ್ನಿನ ಮಿಲ್ ಹಿಲ್ ಆಸ್ಪತ್ರೆಯಲ್ಲಿ ಮನಸ್ಸು ಕೆಟ್ಟು ಬಂದ ಸುಮಾರು 700 ಸೈನಿಕರ ದಾಖಲೆಗಳಿಗೆ ಈ ಗಣಿತವನ್ನು ಹಚ್ಚಿ, ಉದ್ವೇಗಶೀಲತೆಯೆಂಬುದು ಸ್ವಭಾವದ ಒಂದು ಮುಖ್ಯ ಅಳತೆಯೆಂದು 1947ರಲ್ಲಿ ಪ್ರತಿಪಾದಿಸಿದನು. 1951ರಲ್ಲಿ ಪ್ರೆಲ್ ಎಂಬವನೊಡನೆ ಸೇರಿ ಅದು ಅನುವಂಶಿಕವೇ ಎಂದು ಪರೀಕ್ಷಿಸಿದನು.

ಪರೀಕ್ಷೆಯ ತರ್ಕವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ತದ್ರೂಪಿ ಅವಳಿಗಳು ಒಂದೇ ಅಂಡದಿಂದ ಹುಟ್ಟಿದವರು. ಅವರ ವಂಶವಾಹಿಗಳೆಲ್ಲವೂ ಹೆಚ್ಚುಕಡಮೆ ಒಂದೇ. ಸಾಧಾರಣ ಅವಳಿಗಳು ಎರಡು ಅಂಡಗಳಿಂದ ಹುಟ್ಟಿದವರು. ವಂಶವಾಹಿಗಳ ದೃಷ್ಟಿಯಿಂದ ಅವರು ಅಣ್ಣತಮ್ಮಂದಿರು, ಅಕ್ಕತಂಗಿಯರು ಮಾತ್ರ. ಇಬ್ಬಗೆಯವರೂ ಒಂದೇ ಮನೆಯಲ್ಲಿ ಒಂದೇ ಕಾಲದಲ್ಲಿ ಬೆಳೆಯುತ್ತಾರೆ. ಹೀಗಿರಲು, ಯಾವುದೊಂದು ಗುಣದಲ್ಲಿ ಮೊದಲನೆಯವರು ಎರಡನೆಯವರಿಗಿಂತ ಹೆಚ್ಚು ಹೋಲುವುದಾದರೆ, ಆ ಹೆಚ್ಚಳವು ವಂಶವಾಹಿಗಳಿಂದ ಬಂದುದೆನ್ನಬೇಕು. ಹೋಲಿಕೆಯನ್ನು ಸೊನ್ನೆಯಿಂದ ಒಂದರವರೆಗೆ ಅಳೆಯುತ್ತಾರೆ. ಸೊನ್ನೆಯೆಂದರೆ ದಾರಿಹೋಕರಿಬ್ಬರ ಹೋಲಿಕೆ, ಒಂದೆಂದರೆ ಪೂರ್ಣ ಸಾಮ್ಯ. ಐಸೆಂಕನು ಎರಡು ಬಗೆಯಲ್ಲಿಯೂ 25 ಜೊತೆ ಮಕ್ಕಳನ್ನು ಪರೀಕ್ಷಿಸಿ, ತದ್ರೂಪಿಗಳಲ್ಲಿ 0.85, ಸಾಧಾರಣರಲ್ಲಿ 0.22 ಎಂದು ಕಂಡು, ಉದ್ವೇಗಶೀಲತೆಯ ಭೇದದಲ್ಲಿ ನೂರಕ್ಕೆ ಎಂಬತ್ತು ಪಾಲು ಜನ್ಮದಿಂದ ಬಂದುದೆಂದು ಸಾರಿದನು. ಐವತ್ತು ಜೊತೆ ಮಕ್ಕಳ ಮೇಲೆ ಇಷ್ಟು ದೊಡ್ಡ ಮಾತನ್ನು ನಿಲ್ಲಿಸಿದುದು ಅವನ ಸ್ವಭಾವ. ಕೊನೆಯವರೆಗೂ ಅವನು ಹಾಗೆಯೇ ಇದ್ದನು. ಸ್ವಭಾವಕ್ಕೂ ಮಾರಕರೋಗಗಳಿಗೂ ಸಂಬಂಧ ಕಲ್ಪಿಸಿ ಅವನು ಮತ್ತೊಬ್ಬನೊಡನೆ ಬರೆದ ಪ್ರಬಂಧಗಳಲ್ಲಿ 26ನ್ನು ನಂಬಲರ್ಹವಲ್ಲವೆಂದು 2019ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ವಿಚಾರಣೆಯು ನಿರ್ಣಯಿಸಿತು.

ಆದರೆ ಅವಳಿಗಳ ಮಾತು ಅವನೊಬ್ಬನಿಗೇ ಸೇರಿದುದಲ್ಲ. ಒಂದು ಆಕ್ಷೇಪಣೆಯನ್ನು ಯಾರೂ ಎತ್ತಬಹುದು: ತದ್ರೂಪಿಗಳಿಗೆ ತಾಯಿ ಒಂದೇ ಬಟ್ಟೆ ತೊಡಿಸುತ್ತಾಳೆ, ಉಪಾಧ್ಯಾಯರು ಒಬ್ಬನಿಗೆ ಬದಲು ಇನ್ನೊಬ್ಬನನ್ನು ಗದರುತ್ತಾರೆ, ಅವರು ಹೋಲುವುದರಲ್ಲಿ ಆಶ್ಚರ್ಯವೇನು? ಇದಕ್ಕೆ ಉತ್ತರ ಕೊಡಬೇಕಾದರೆ, ಹುಟ್ಟಿದೊಡನೆ ಅಗಲಿ ಬೇರೆ ಮನೆಗಳಲ್ಲಿ ಬೆಳೆದ ತದ್ರೂಪಿಗಳು ಬೇಕು. ಅಂಥವರನ್ನು ಎಲ್ಲಿ ಹುಡುಕುವುದು? ಪ್ರಸಾರದ ಮೂಲಕ ಹುಡುಕಿದರು. 1953ರಲ್ಲಿ ಬಿಬಿಸಿಯ ದೂರದರ್ಶನದ ಒಂದು ಕಾರ್ಯಕ್ರಮದ ಮೂಲಕ ಅವಳಿಗಳಿಗೆ ಕರೆಕೊಟ್ಟರು. ಸಾವಿರಾರು ಕಾಗದಗಳು ಬಂದುವು. ಅವುಗಳಲ್ಲಿ ಅಗಲಿ ಬೆಳೆದವರನ್ನು ಆರಿಸಿ, ಜೇಮ್ಸ್ ಷೀಲ್ಡ್ಸ್ ಎಂಬ ಸಂಶೋಧಕನು ಮನೆಮನೆಗೆ ಹೋಗಿ ಭೇಟಿಮಾಡಿ, 44 ಜೊತೆಗಳ ವೃತ್ತಾಂತವನ್ನು 1962ರಲ್ಲಿ ಪ್ರಕಟಿಸಿದನು. ಈ ಪುಸ್ತಕವು ಅಂಕಿಗಳಿಗಿಂತಲೂ ಅದರ ಕಥೆಗಳಿಗಾಗಿ ಓದತಕ್ಕುದು. ಅನೇಕರ ಅಗಲಿಕೆಯ ಕಾರಣ ಬಡತನ: ಒಂದು ಕೂಸನ್ನು ತಾಯಿ ಇಟ್ಟುಕೊಂಡಳು, ಇನ್ನೊಂದನ್ನು ಚಿಕ್ಕಮ್ಮನೋ ಅಜ್ಜಿಯೋ ಒಯ್ದಳು. ಫಲವೇನೆಂದರೆ, ಉದ್ವೇಗಶೀಲತೆಯಲ್ಲಿ ಅಗಲಿ ಬೆಳೆದ ತದ್ರೂಪಿಗಳ ಹೋಲಿಕೆ 0.53; ಒಟ್ಟಿಗೆ ಬೆಳೆದ ತದ್ರೂಪಿಗಳದು 0.38 ಮಾತ್ರ, ಸಾಧಾರಣ ಅವಳಿಗಳದು 0.11. ಬೇರೆ ಬೆಳೆದವರೇ ಹೆಚ್ಚು ಹೋಲಿದರು! ಇಷ್ಟು ಕಡಮೆ ಜೊತೆಗಳಲ್ಲಿ ಈ ವ್ಯತ್ಯಾಸವು ಆಕಸ್ಮಿಕವೂ ಆಗಿರಬಹುದು. ಆದರೆ ಒಂದೇ ಮನೆಯಲ್ಲಿ ಬೆಳೆಯುವ ಅವಳಿಗಳಲ್ಲಿ ಒಬ್ಬನು ಮುಂದಾಳಾಗಿ ಇನ್ನೊಬ್ಬನು ಹಿಂಬಾಲಕನಾಗುವುದನ್ನೂ, ಬೇರೆ ಮನೆಯಲ್ಲಿ ಆ ಒತ್ತಡ ಇಲ್ಲದಿರುವುದನ್ನೂ ಷೀಲ್ಡ್ಸನು ಗಮನಿಸಿದ್ದನು. ಆದರೂ, ಬಂಧುಗಳ ಮನೆಗಳಲ್ಲಿ, ಒಂದೇ ಊರಿನಲ್ಲಿ ಬೆಳೆದವರನ್ನು ಪೂರ್ಣವಾಗಿ ಅಗಲಿದವರೆನ್ನಬಹುದೆ ಎಂಬ ಸಂಶಯ ಉಳಿಯಿತು. ಅದನ್ನು ತೊಲಗಿಸಲು 1979ರಿಂದ ಮಿನೆಸೋಟಾದಲ್ಲಿ ಟಾಮಸ್ ಬೂಷಾರ್ಡನು ಇನ್ನೂ ದೊಡ್ಡ ಪ್ರಮಾಣದಲ್ಲಿ ಇದೇ ಶೋಧವನ್ನು ನಡೆಸಿದನು. ಸ್ವೀಡನ್ನಿನಲ್ಲಿಯೂ ಅವಳಿಗಳ ಸರ್ಕಾರಿ ದಾಖಲೆಯಿಂದ ನಡೆಯಿತು. ಇವೆಲ್ಲವನ್ನೂ ಕೂಡಿಸಿ 2015ರಲ್ಲಿ ಕ್ರೊಯೇಷಿಯದ ವುಕಾಸೊವಿಚ್ ಮತ್ತು ಬ್ರಾಟ್ಕೊ ಎಂಬವರು ಲೆಕ್ಕಹಾಕಿದಾಗ, ಸ್ವಭಾವಗುಣಗಳ ಭೇದದಲ್ಲಿ ನೂರಕ್ಕೆ ಸುಮಾರು ನಲವತ್ತು ಪಾಲು ಅನುವಂಶಿಕವೆಂದು ಬಂದಿತು. ಐಸೆಂಕನ ಎಂಬತ್ತರ ಅರ್ಧ. ಉಳಿದ ಅರುವತ್ತರಲ್ಲಿಯೂ, ಒಂದೇ ಮನೆಯ ಮಕ್ಕಳನ್ನು ಒಂದೇ ಬಗೆಯವರನ್ನಾಗಿ ಮಾಡುವ ಪಾಲು ಆಶ್ಚರ್ಯಕರವಾಗಿ ಕಡಮೆ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಒದಗುವ ಬಾಳಿನ ಪಾಲೇ ಹೆಚ್ಚು.

ಈ ನಲವತ್ತೆಂಬ ಅಂಕಿಯನ್ನು ತಪ್ಪಾಗಿ ತಿಳಿಯುವುದು ಬಹು ಸುಲಭ. ನನ್ನ ಕಳವಳದಲ್ಲಿ ನೂರಕ್ಕೆ ನಲವತ್ತು ಪಾಲು ತಾತನದು, ಅರುವತ್ತು ನನ್ನದು ಎಂದು ಇದರ ಅರ್ಥವಲ್ಲ. ಇದು ಒಬ್ಬನ ಗುಣದ ಪಾಲಲ್ಲ, ಒಂದು ಜನಸಮುದಾಯದಲ್ಲಿ ಜನರು ಒಬ್ಬರಿಗಿಂತ ಒಬ್ಬರು ಭಿನ್ನರಾಗಿರುವುದರ ಪಾಲು. ಒಂದು ವಿದ್ಯಾರ್ಥಿನಿಲಯದಲ್ಲಿ ಎಲ್ಲ ಹುಡುಗರಿಗೂ ಒಂದೇ ಅಡುಗೆ, ಒಂದೇ ಬಡಿಸುವ ಸೌಟು ಎಂದುಕೊಳ್ಳಿ. ಅಲ್ಲಿ ಒಬ್ಬನು ಸ್ಥೂಲ, ಒಬ್ಬನು ಕೃಶನಾದರೆ ಆ ಭೇದವು ಬಹುಮಟ್ಟಿಗೆ ಹುಟ್ಟಿನದು. ಕೆಲವರಿಗೆ ತುಪ್ಪದನ್ನ, ಕೆಲವರಿಗೆ ಬರಿಯ ಗಂಜಿ ಇರುವ ಊರಿನಲ್ಲಿ ಅದೇ ಭೇದವು ಬಹುಮಟ್ಟಿಗೆ ಊಟದ್ದು. ಹುಡುಗರ ಮೈ ಬದಲಾಗಲಿಲ್ಲ, ಅಂಕಿ ಬದಲಾಯಿತು. ಮತ್ತು ಅನುವಂಶಿಕವಾದುದು ಬಗ್ಗದೆಂದೂ ಇಲ್ಲ. 2017ರಲ್ಲಿ ಬ್ರೆಂಟ್ ರಾಬರ್ಟ್ಸ್ ಮತ್ತು ಸಹೋದ್ಯೋಗಿಗಳು 207 ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಸರಾಸರಿ ಇಪ್ಪತ್ತನಾಲ್ಕು ವಾರಗಳ ಮಾನಸಿಕ ಚಿಕಿತ್ಸೆಯಿಂದ ಸ್ವಭಾವವು ಅಳೆಯಬಹುದಾದಷ್ಟು ಬದಲಾಗಿದ್ದಿತು. ಎಲ್ಲಕ್ಕಿಂತ ಹೆಚ್ಚಾಗಿ ಬದಲಾದುದು ಇದೇ ಉದ್ವೇಗಶೀಲತೆ. ಮರವೂ ಸ್ವಲ್ಪ ಬಗ್ಗೀತು.

ಇಷ್ಟಾದರೂ ಅವಳಿಗಳು ವಂಶವಾಹಿಗಳಿವೆಯೆಂದು ಹೇಳಿದರೇ ಹೊರತು ಯಾವುವೆಂದು ಹೇಳಲಿಲ್ಲ. ಅಲ್ಲಿ ಡ್ಯಾವನ್‌ಪೋರ್ಟನ ಹಳೆಯ ಆಸೆ ಹೊಸ ಉಡುಪಿನಲ್ಲಿ ಮತ್ತೆ ಬಂದಿತು. 1996ರ ನವೆಂಬರಿನಲ್ಲಿ ಸೈನ್ಸ್ ಪತ್ರಿಕೆಯಲ್ಲಿ, ಜರ್ಮನಿಯ ಕ್ಲೌಸ್‌ ಪೀಟರ್ ಲೆಷ್ ಮತ್ತು ಅವರ ಸಂಗಡಿಗರು ಒಂದು ವಂಶವಾಹಿಯನ್ನು ಹೆಸರಿಸಿದರು. ಮೆದುಳಿನಲ್ಲಿ ಸಿರೊಟೋನಿನ್ ಎಂಬ ರಸವನ್ನು ಮರಳಿ ಹೀರಿಕೊಳ್ಳುವ ವಾಹಕವನ್ನು ಅದು ನಿರ್ಮಿಸುತ್ತದೆ. ಅದರ ಮುನ್ನುಡಿಯಂತಿರುವ ಭಾಗದಲ್ಲಿ ಕೆಲವರಿಗೆ 44 ಅಕ್ಷರಗಳು ಕಡಮೆ. ಅಂಥ ಗಿಡ್ಡ ರೂಪವುಳ್ಳವರು ಉದ್ವೇಗಶೀಲತೆಯಲ್ಲಿ ತುಸು ಮೇಲೆಂದು 505 ಜನರನ್ನು ಪರೀಕ್ಷಿಸಿ ಹೇಳಿದರು. ಲೆಷ್ ಅವರು ವಿನಯದಿಂದಲೇ ಬರೆದಿದ್ದರು: ಭೇದದಲ್ಲಿ ನೂರಕ್ಕೆ ಮೂರು ನಾಲ್ಕು ಪಾಲನ್ನು ಮಾತ್ರ ಇದು ವಿವರಿಸುವುದೆಂದರು. ಖಿನ್ನತೆಗೆ ವೈದ್ಯರು ಕೊಡುತ್ತಿದ್ದ ಪ್ರೊಜ್ಯಾಕ್ ಮೊದಲಾದ ಔಷಧಗಳು ಕೆಲಸಮಾಡುವುದೂ ಇದೇ ವಾಹಕದ ಮೇಲೆ. ಹೀಗಾಗಿ ಮಾತು ನಂಬುವಂತಿದ್ದಿತು. 2003ರಲ್ಲಿ ಕ್ಯಾಸ್ಪಿ ಮತ್ತು ಸಂಗಡಿಗರು ನ್ಯೂಜಿಲೆಂಡಿನ ಡ್ಯೂನಿಡಿನ್ ನಗರದಲ್ಲಿ ಹುಟ್ಟಿನಿಂದ ಗಮನಿಸುತ್ತ ಬಂದಿದ್ದ 847 ಜನರನ್ನು ನೋಡಿ, ಗಿಡ್ಡ ರೂಪವಿದ್ದವರು ಕಷ್ಟಗಳು ಬಂದಾಗ ಖಿನ್ನತೆಗೆ ಹೆಚ್ಚು ಒಳಗಾಗುವರೆಂದರು. ಬೀಜವೂ ಕ್ಷೇತ್ರವೂ ಕೈಹಿಡಿದು ಬಂದ ಈ ಸುಂದರವಾದ ಕಥೆಗೆ ಜಗತ್ತು ಒಲಿಯಿತು. ಪ್ರಬಂಧಗಳು ನೂರಾರು ಹುಟ್ಟಿದುವು.

ಆದರೆ ದೊಡ್ಡ ಜನಸಂಖ್ಯೆಯಲ್ಲಿ ಹುಡುಕಿದವರಿಗೆ ಅದು ಸಿಕ್ಕಲಿಲ್ಲ. 2005ರಲ್ಲಿ ಆಕ್ಸ್‌ಫರ್ಡಿನವರು ಉದ್ವೇಗಶೀಲತೆಯ ಎರಡು ತುದಿಗಳಲ್ಲಿದ್ದವರನ್ನೇ ಆರಿಸಿ ಹೋಲಿಸಿದರು. ಗಿಡ್ಡ ರೂಪಕ್ಕೂ ಗುಣಕ್ಕೂ ಸಂಬಂಧ ಕಾಣಲಿಲ್ಲ. 2009ರಲ್ಲಿ ರಿಷ್ ಮೊದಲಾದವರು ಹದಿನಾಲ್ಕು ಅಧ್ಯಯನಗಳ 14,250 ಜನರ ಲೆಕ್ಕವನ್ನು ಕೂಡಿಸಿ, ಕಷ್ಟಗಳಿಂದ ಖಿನ್ನತೆ ಬರುವುದು ನಿಜ, ವಂಶವಾಹಿಯಿಂದ ಅದು ಹೆಚ್ಚುವುದಕ್ಕೆ ಆಧಾರವಿಲ್ಲ ಎಂದರು. 2019ರಲ್ಲಿ ಬಾರ್ಡರ್ ಎಂಬವರೂ ಸಂಗಡಿಗರೂ ಖಿನ್ನತೆಗೆ ಕಾರಣವೆಂದು ಪ್ರಸಿದ್ಧವಾಗಿದ್ದ 18 ವಂಶವಾಹಿಗಳನ್ನು ಲಕ್ಷಗಟ್ಟಲೆ ಜನರಲ್ಲಿ ಪರೀಕ್ಷಿಸಿದರು, ಯಾವುದೂ ನಿಲ್ಲಲಿಲ್ಲ. ಅವುಗಳನ್ನು ಬಿಟ್ಟು ಬೇರೆ ಹದಿನೆಂಟನ್ನು ಕಣ್ಣು ಮುಚ್ಚಿ ಆರಿಸಿಕೊಂಡಿದ್ದರೂ ಅಷ್ಟೇ ಫಲ ದೊರೆಯುತ್ತಿದ್ದಿತು. ಇಷ್ಟು ವರ್ಷ ಇಷ್ಟು ಜನ ಪಂಡಿತರು ಹೇಗೆ ಮೋಸಹೋದರು? ವಂಚನೆಯಿಂದಲ್ಲ. ಕೆಲವು ನೂರು ಜನರಲ್ಲಿ ಹತ್ತಾರು ರೀತಿಯಿಂದ ಹುಡುಕಿದರೆ ಒಂದು ರೀತಿಯಲ್ಲಿ ಏನಾದರೂ ಆಕಸ್ಮಿಕವಾಗಿ ಕಂಡೇ ಕಾಣುವುದು. ಕಂಡವನು ಪ್ರಕಟಿಸುತ್ತಾನೆ, ಕಾಣದವನ ಕಾಗದವು ಮೇಜಿನ ಒಳಗೆ ಉಳಿಯುತ್ತದೆ.

ಕಡೆಗೆ ಫಿಷರನ ಮರಳನ್ನು ತೂಗುವ ತಕ್ಕಡಿ ದೊರೆಯಿತು. ಬ್ರಿಟನ್ನಿನ ಬಯೋಬ್ಯಾಂಕ್ ಎಂಬ ಸಂಸ್ಥೆಯು 2006ರಿಂದ 2010ರವರೆಗೆ ನಲವತ್ತರಿಂದ ಅರುವತ್ತೊಂಬತ್ತು ವರ್ಷದ ಸುಮಾರು ಐದು ಲಕ್ಷ ಸ್ವಯಂಸೇವಕರ ರಕ್ತವನ್ನೂ ವೃತ್ತಾಂತವನ್ನೂ ಸಂಗ್ರಹಿಸಿತು. ಅವರಿಗೆ ಕೇಳಿದ ಪ್ರಶ್ನೆಗಳಲ್ಲಿ ಹನ್ನೆರಡು ಐಸೆಂಕನ ಪ್ರಶ್ನಾವಳಿಯವು; ಉತ್ತರ ಹೌದು ಅಥವಾ ಇಲ್ಲ. ಯಾವ ವಂಶವಾಹಿಯನ್ನೂ ಮೊದಲೇ ಊಹಿಸದೆ, ವಂಶಲಿಪಿಯ ಉದ್ದಗಲಕ್ಕೂ ಲಕ್ಷಾಂತರ ಸ್ಥಾನಗಳಲ್ಲಿ ಅಕ್ಷರಭೇದಗಳನ್ನು ಈ ಉತ್ತರಗಳೊಡನೆ ಹೋಲಿಸಿದರು. 2018ರಲ್ಲಿ ಆಮ್‌ಸ್ಟರ್‌ಡ್ಯಾಮಿನ ನಾಗೆಲ್, ಪೋಸ್ತುಮಾ ಮೊದಲಾದವರು 4,49,484 ಜನರಲ್ಲಿ ಇಂಥ 136 ಸ್ಥಾನಗಳನ್ನು ಗುರುತಿಸಿದರು. ಅದೇ ವರ್ಷ ಎಡಿನ್‌ಬರೋದ ಲೂಚಿಯಾನೊ ಮೊದಲಾದವರು 3,29,821 ಜನರಲ್ಲಿ 116 ಸ್ಥಾನಗಳನ್ನು ಗುರುತಿಸಿದರು. ಕಳವಳಪಡುವುದು ಮತ್ತು ಖಿನ್ನವಾಗುವುದು ಎಂಬ ಎರಡಕ್ಕೂ ಸಂಬಂಧಪಟ್ಟ ಸ್ಥಾನಗಳು ಪೂರ್ತಿಯಾಗಿ ಒಂದೇ ಅಲ್ಲವೆಂಬುದೂ ಆಗ ಕಂಡಿತು. ಹಾಗಾದರೆ ನಮ್ಮ ಪ್ರಶ್ನೆಗೆ ಉತ್ತರ ಹೌದೆಂದೇ ಆಯಿತು: ವಂಶವಾಹಿಗಳ ಭೇದವು ಸ್ವಭಾವದ ಮೇಲೆ ಪ್ರಭಾವ ಬೀರುತ್ತದೆ. ಆದರೆ ಎಂಥ ಹೌದು! ಒಂದೊಂದು ಸ್ಥಾನದ ಪ್ರಭಾವವೂ ಕಣ್ಣಿಗೆ ಕಾಣದಷ್ಟು ಅಲ್ಪ. ಎಲ್ಲ ಸಾಮಾನ್ಯ ಅಕ್ಷರಭೇದಗಳನ್ನು ಕೂಡಿಸಿದರೂ ಜನರ ಭೇದದಲ್ಲಿ ನೂರಕ್ಕೆ ಸುಮಾರು ಹತ್ತು ಪಾಲು. ಅವಳಿಗಳು ಹೇಳುವ ನಲವತ್ತಕ್ಕೂ ಇದಕ್ಕೂ ಇರುವ ಅಂತರವನ್ನು ಪೂರ್ಣವಾಗಿ ತುಂಬಲು ಇನ್ನೂ ಆಗಿಲ್ಲ. ನಾಗೆಲ್ ಅವರ ಲೆಕ್ಕದಿಂದ ಒಬ್ಬೊಬ್ಬರಿಗೂ ಅಂಕ ಕೊಟ್ಟು ಹೊಸ ಜನರ ಸ್ವಭಾವವನ್ನು ಊಹಿಸಿದಾಗ ವಿವರಿಸಲು ಸಾಧ್ಯವಾದುದು ನೂರಕ್ಕೆ ನಾಲ್ಕು ಪಾಲು. ಒಂದು ವಂಶವಾಹಿಯಿಂದಲೇ ಅಷ್ಟು ಆಗುವುದೆಂದು 1996ರಲ್ಲಿ ಹೇಳಿದ್ದರಲ್ಲವೆ. ಈಗ ಸಮಸ್ತ ವಂಶಲಿಪಿಯನ್ನು ಓದಿ, ನಾಲ್ಕೂವರೆ ಲಕ್ಷ ಜನರನ್ನು ಕೇಳಿ, ಅಷ್ಟಕ್ಕೇ ಬಂದು ನಿಂತರು. ಲಾಫ್ಲಿನ್ನನು ನೋಡದೆಯೇ ನುಡಿದ ಸಾಕ್ಷ್ಯವನ್ನು ಇಂದಿನ ಯಂತ್ರಗಳೆಲ್ಲವನ್ನೂ ತಂದರೂ ಯಾರೂ ಒಬ್ಬ ವ್ಯಕ್ತಿಯ ವಿಷಯದಲ್ಲಿ ನುಡಿಯಲಾರರು.

ಇನ್ನೊಂದು ಮಾತುಂಟು, ಅದು ನಮಗೆ ಹತ್ತಿರದ್ದು. ಮೇಲೆ ಹೇಳಿದ ಲಕ್ಷಾಂತರ ಜನರು ಬಹುತೇಕ ಎಲ್ಲರೂ ಯೂರೋಪಿನ ಮೂಲದವರು. ಅವರಲ್ಲಿ ಕಂಡ ಅಕ್ಷರಭೇದಗಳ ಅಂಕವನ್ನು ಬೇರೆ ಮೂಲದ ಜನರಿಗೆ ಹಚ್ಚಿದರೆ ಅದರ ಊಹೆಯು ಇನ್ನೂ ದುರ್ಬಲವಾಗುವುದೆಂದು ಅನೇಕ ಗುಣಗಳ ವಿಷಯದಲ್ಲಿ ತಿಳಿದಿದೆ. ಭಾರತೀಯರ ವಂಶಲಿಪಿಯನ್ನು ಓದುವ ಕೆಲಸವು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನ ಕೇಂದ್ರದ ಮುಂದಾಳುತನದಲ್ಲಿ, ಜೀನೋಮ್ ಇಂಡಿಯಾ ಎಂಬ ಹೆಸರಿನಿಂದ 2020ರಲ್ಲಿ ಆರಂಭವಾಗಿ, ಸುಮಾರು 10,000 ಜನರ ಲಿಪಿ ಸಿದ್ಧವಾಗಿದೆ. ಲಿಪಿಯಷ್ಟರಿಂದ ಸ್ವಭಾವದ ವಿಷಯ ತಿಳಿಯದು, ಪ್ರಶ್ನೆಗಳನ್ನೂ ಕೇಳಬೇಕು. ಐಸೆಂಕನ ಹನ್ನೆರಡು ಪ್ರಶ್ನೆಗಳು ಲಂಡನ್ನಿನ ಆಡುಮಾತಿನವು. ನರಗಳ ಕಾಟವುಂಟೆ ಎಂದು ಅಲ್ಲಿ ಕೇಳಿದರೆ ಮನಸ್ಸಿನ ಮಾತೆಂದು ತಿಳಿಯುತ್ತಾರೆ. ಇಲ್ಲಿ ಕೇಳಿದರೆ ಒಬ್ಬನು ಸೊಂಟನೋವನ್ನು ಹೇಳುತ್ತಾನೆ, ಇನ್ನೊಬ್ಬನು ಕೈಜೋಮು ಹಿಡಿದುದನ್ನು ಹೇಳುತ್ತಾನೆ. ನಮ್ಮಲ್ಲಿ ಮಗಳ ಮದುವೆಯ ಚಿಂತೆಯಿಂದ ನಿದ್ರೆಗೆಟ್ಟ ತಾಯಿಯು ತನ್ನನ್ನು ಚಿಂತೆಗಾರಳೆಂದುಕೊಳ್ಳುವುದಿಲ್ಲ, ತಾಯಿಯೆಂದುಕೊಳ್ಳುತ್ತಾಳೆ. ಆ ಪ್ರಶ್ನೆಗೆ ಅವಳು ಇಲ್ಲವೆಂದೇ ಉತ್ತರ ಕೊಟ್ಟಾಳು. ಕಳವಳ, ತಳಮಳ, ದಿಗಿಲು, ಬೇಗುದಿ, ಹೊಟ್ಟೆಯಲ್ಲಿ ಸಂಕಟ — ಇವುಗಳಲ್ಲಿ ಯಾವುದನ್ನು ಯಾವ ಪ್ರಶ್ನೆಗೆ ಹಾಕಬೇಕೆಂಬುದನ್ನು ವಂಶಲಿಪಿಯನ್ನು ಓದುವವರು ಭಾಷೆಯನ್ನು ಬಲ್ಲವರೊಡನೆ ಕುಳಿತು ಮೊದಲು ನಿರ್ಣಯಿಸಬೇಕಾಗಿದೆ.